ಬಾವು ಇಳಿದೈತಿ

ನನ್ನ ತಮ್ಮ ಫಕೀರಸಾಬನಿಗೆ ಹಲ್ಲೇ ಕೆಲಸದ ಸಾಮಾನು. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಅವನು ಭತ್ತ ಕಡಿದು ನೋಡುವವನು. ಟ್ರಾಕ್ಟರ್ ಬಂದು ನಿಂತರೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಭತ್ತ ತೆಗೆಯುತ್ತಿದ್ದ. ಮೇಲಿನದು ದಾರಿಯ ಬಿಸಿಲಿಗೆ ಒಣಗಿರುತ್ತದೆ, ಹೊಟ್ಟೆಯೊಳಗಿನದು ಹಸಿಯಾಗಿರುತ್ತದೆ, ಅದಕ್ಕೆ ಅಷ್ಟು ಒಳಗೆ ಕೈ ಹಾಕಬೇಕು. ಒಂದು ಕಾಳು ಆರಿಸಿ, ಉಗುರಿನಿಂದ ಸಿಪ್ಪೆ ಬಿಡಿಸಿ, ಹಿಂದಿನ ಹಲ್ಲುಗಳ ನಡುವೆ ಇಟ್ಟು ಕಡಿಯುತ್ತಿದ್ದ. ಕಟಕ್ ಎಂದು ಮುರಿದರೆ ಒಣಗಿದೆ. ಸಪ್ಪಳವಿಲ್ಲದೆ ಚಪ್ಪಟೆಯಾದರೆ ಹಸಿ. ಹಸಿ ಭತ್ತವನ್ನು ಮಿಲ್ಲಿಗೆ ಹಾಕಿದರೆ ಅಕ್ಕಿ ಒಡೆದು ನುಚ್ಚಾಗುತ್ತದೆ. ತೇವ ನೋಡುವ ಮಶೀನೂ ಅಲ್ಲಿತ್ತು. ಸಾಲು ಉದ್ದವಾದಾಗ ಮೊದಲು ಇವನು ಕಡಿದು ಬೇರೆ ಮಾಡುತ್ತಿದ್ದ, ಆಮೇಲೆ ಮಶೀನಿಗೆ ಇಡುತ್ತಿದ್ದರು.

ನಮ್ಮ ಊರು ಕುರುಗೋಡು. ನಾವು ಗಾದಿ ತುಂಬುವ ಮಂದಿ. ನಮ್ಮ ಅಪ್ಪ ಹತ್ತಿ ಬಡಿಯುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಫಕೀರ ಹುಟ್ಟಿದಾಗ ನನಗೆ ಮದುವೆ ಗೊತ್ತಾಗಿತ್ತು. ನಾನು ಗಂಡನ ಜೊತೆ ಬಳ್ಳಾರಿಗೆ ಬಂದೆ, ಅವನು ಅಪ್ಪನ ಹಿಂದೆ ಹತ್ತಿಯ ಮೂಟೆ ಹೊತ್ತು ಬೆಳೆದ. ಫೋಮಿನ ಗಾದಿಗಳು ಬಂದ ಮೇಲೆ ಬಿಲ್ಲು ಮೂಲೆ ಸೇರಿತು. ಫಕೀರ ಸಿರುಗುಪ್ಪಕ್ಕೆ ಹಮಾಲಿ ಮಾಡಲು ಹೋದ. ಅಲ್ಲಿ ಭತ್ತ ಕಡಿಯುತ್ತಿದ್ದವರು ಕಾಡಸಿದ್ದಪ್ಪ ಎಂಬ ಮುದುಕರು. ಅವರ ಹಲ್ಲು ಒಂದೊಂದೇ ಬಿದ್ದವು. ಒಂದು ದಿನ ಇವನನ್ನು ಕರೆದು ಬಾಯಿ ತೆಗೆಸಿ ನೋಡಿದರಂತೆ.

"ಎತ್ತಿನ ಹಲ್ಲ ನೋಡಿದಂಗ ನೋಡ್ತೀಯಲ್ಲೋ ತಾತಾ, ಕೊಂಡ್ಕಂತಿ ಏನು?" ಎಂದು ಇವನು ಕೇಳಿದ.

"ನನ್ನವು ಹೋದುವು, ನಿನ್ನವು ಅದಾವು. ಇನ್ಮ್ಯಾಗ ನೀನ ಕಡಿ," ಎಂದರು ಅವರು.

ಹೀಗೆ ಆ ಕೆಲಸ ಇವನಿಗೆ ಬಂತು. ಕುರುಗೋಡಿನ ನೂರಜಹಾನಳನ್ನು ಮದುವೆಯಾದ. ಅವಳು ಅಲ್ಲೇ ಕೌದಿ ಹೊಲಿಯುತ್ತ ಮಗಳು ಆಫ್ರೀನಳನ್ನು ಓದಿಸುತ್ತಿದ್ದಾಳೆ. ಭತ್ತದ ಕಾಲದಲ್ಲಿ ಇವನು ಮಿಲ್ಲಿನ ಪಕ್ಕದ ಖೋಲಿಯಲ್ಲಿ ಇರುತ್ತಿದ್ದ, ಶುಕ್ರವಾರ ಊರಿಗೆ ಬರುತ್ತಿದ್ದ. ಮಾತಿಗೊಂದು ನಗೆ ಬೆರೆಸುವವನು. ಮೈಯಲ್ಲಿ ಜ್ವರ ಇದ್ದರೂ ಏನೋ ಒಂದು ಅಂದು ಎದುರಿಗಿದ್ದವರನ್ನು ನಗಿಸಿಬಿಡುತ್ತಿದ್ದ. ಅವನಿಗೆ ನಿಜವಾಗಿ ಎಷ್ಟು ನೋವಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವನ ಎಡಗಡೆ ಕೆಳಗಿನ ಕೊನೆಯ ಹಲ್ಲು ಬಹಳ ದಿನದಿಂದ ಕಾಡುತ್ತಿತ್ತು. ನಮ್ಮವರು ಅದಕ್ಕೆ ಅಕಲ್ ದಾಡಿ ಅನ್ನುತ್ತಾರೆ, ಡಾಕ್ಟರು ಬುದ್ಧಿ ಹಲ್ಲು ಅನ್ನುತ್ತಾರೆ. ಲವಂಗ ಒತ್ತಿಕೊಂಡು, ಬಲಗಡೆ ಭತ್ತ ಕಡಿದು ದಿನ ಕಳೆದ. ನಾನು ಗಾಂಧಿನಗರದಲ್ಲಿ ಶ್ರೀಕೃತಿ ಡಾಕ್ಟರ ಹಲ್ಲಿನ ದವಾಖಾನೆಯಲ್ಲಿ ಕಸ ಹೊಡೆದು ನೆಲ ಒರೆಸುವ ಕೆಲಸಕ್ಕಿದ್ದೇನೆ. ಒಂದು ಬುಧವಾರ ಅವನನ್ನು ಒತ್ತಾಯ ಮಾಡಿ ಅಲ್ಲಿಗೆ ಕರೆದುಕೊಂಡು ಹೋದೆ.

ಡಾಕ್ಟರು ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. "ನೋಡ್ರಿ, ಎಲ್ಲಾ ಹಲ್ಲೂ ನಿಂತಾವ. ಇದೊಂದು ಮಲಗ್ಯದ."

"ಉಳಿದವು ದುಡಿಯಾಕ ಹತ್ಯಾವ್ರಿ. ಇದು ಸಾವ್ಕಾರ ಇರಬೇಕು," ಎಂದ ಫಕೀರ.

"ಮುಂದಿನ ಹಲ್ಲಿಗೆ ಒತ್ತಿಕೊಂಡದ. ತೆಗೀಬೇಕು. ಎಲುಬು ಸ್ವಲ್ಪ ಕೊರೀಬೇಕಾಗ್ತದ."

ಸೂಜಿ ಹಾಕಿದ ಮೇಲೆ ಅವನ ಎಡಗಡೆ ಕೆನ್ನೆ, ತುಟಿ, ಗದ್ದ ಜೋಮು ಹಿಡಿದವು. ನನ್ನನ್ನು ಕರೆದು, "ಅಕ್ಕಾ, ನನ್ನ ತುಟಿ ಮುಖದ ಮ್ಯಾಲ ಐತೋ ಕೆಳಗ ಬಿದ್ದೈತೋ ನೋಡು. ಕಸದಾಗ ಹೊಡದೀ ಮತ್ತ," ಎಂದ. ಡಾಕ್ಟರೂ ನಕ್ಕರು. ಹಲ್ಲು ಇಡಿಯಾಗಿ ಬರಲಿಲ್ಲ, ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು.

ಹೊರಡುವಾಗ ಡಾಕ್ಟರು ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದರು. ದಿನಾ ಕೇಳಿ ನನಗೆ ಬಾಯಿಪಾಠವಾಗಿತ್ತು. ಇವತ್ತು ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಬೀಡಿ, ತಂಬಾಕು ಬೇಡ. ಆ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬೇಕು, ಅದು ಕಿತ್ತು ಬಂದರೆ ಎಲುಬು ಬರಿದಾಗಿ ನೋಯುತ್ತದೆ. ಕೊನೆಗೆ ಹೇಳಿದರು, "ಇವತ್ತು ನಾಳೆ ಬಾವು ಏರ್ತದ. ಗಾಬರಿ ಆಗಬ್ಯಾಡ್ರಿ. ಆಮ್ಯಾಲ ತಾನ ಇಳೀತದ. ಇಳೀಲಿಲ್ಲ ಅಂದ್ರ ಬರ್ರಿ."

"ಇಳೀಲಿಲ್ಲಂದ್ರ ಬರತೀನ್ರಿ," ಎಂದ ಅವನು. ನಾನೂ ಅಲ್ಲೇ ನಿಂತಿದ್ದೆ.

ಆ ದಿನ ಪಾರ್ವತಿನಗರದಲ್ಲಿ ನನ್ನ ಮನೆಯಲ್ಲಿ ಮಲಗಿದ. ಬೆಳಿಗ್ಗೆ ಕೆನ್ನೆ ಊದಿತ್ತು. ಇನ್ನೆರಡು ದಿನ ಇರು ಎಂದೆ. "ಟ್ರಾಕ್ಟರು ನಿಂತಿರ್ತಾವಕ್ಕಾ. ನನ್ನ ಹಲ್ಲಿಗೆ ಕಾಯ್ತಾವು," ಎಂದು ಆರಿದ ಗಂಜಿ ಕುಡಿದು ಸಿರುಗುಪ್ಪದ ಬಸ್ಸು ಹತ್ತಿದ. ಆ ಶುಕ್ರವಾರ ಊರಿಗೆ ಹೋಗಲಿಲ್ಲ. ಕೆಲಸ ಜೋರಾಗಿತ್ತು.

ಮಿಲ್ಲಿನಲ್ಲಿ ಲೆಕ್ಕ ಬರೆಯುವವರು ರಘೋತ್ತಮ. ಆಚಾರರ ಮನೆಯವರು, ಫಕೀರನ ವಾರಿಗೆಯವರು. ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ನನಗೆ ಹೇಳಿದರು. ಇವನು ಕೆನ್ನೆ ಊದಿಸಿಕೊಂಡು ಗೇಟಿನಲ್ಲಿ ಬಂದಾಗ ಅವರು ಛೇಡಿಸಿದ್ದಾರೆ.

"ಏನಲೇ ಫಕೀರ, ಬುದ್ಧಿ ಹಲ್ಲ ಕಿತ್ತಿಸಿಕೊಂಡು ಬಂದಿ ಅಂತ? ಇದ್ದದ್ದ ಒಂದು ಚೂರು. ಅದನ್ನೂ ಬಳ್ಳಾರ್ಯಾಗ ಬಿಟ್ಟು ಬಂದ್ಯಾ?"

"ನಿಮ್ಮ ಕಡಿ ಬಾಳ ಐತಲ್ರಿ ಸ್ವಾಮಿ, ಕಡ ಕೊಡ್ರಿ."

ಮೊದಲ ದಿನಗಳಲ್ಲಿ ನೋವು ಕಡಿಮೆಯಾಗುತ್ತ ಬಂತು. ಬಲಗಡೆ ಕಾಳು ಕಡಿದು ಕೆಲಸ ಮಾಡಿದ. ಮಿಲ್ಲಿನ ಧೂಳು ಎಂಥದ್ದೆಂದರೆ ರೆಪ್ಪೆಯ ಮೇಲೂ ಹೊಟ್ಟು ಕೂತಿರುತ್ತದೆ. ಆ ಧೂಳಿನಿಂದಲೇ ಹೀಗಾಯಿತೋ, ಅದಿಲ್ಲದಿದ್ದರೂ ಆಗುತ್ತಿತ್ತೋ, ಡಾಕ್ಟರೂ ಹೇಳಲಿಲ್ಲ. ಕೊಟ್ಟ ಗುಳಿಗೆ ಮುಗಿದವು. ವಾರ ತಿರುಗುವಷ್ಟರಲ್ಲಿ ಆರಿದ್ದ ನೋವು ಮತ್ತೆ ಎದ್ದಿತು. ನಾನು ಫೋನು ಮಾಡಿದೆ. ಅವನದು ಗುಂಡಿ ಒತ್ತುವ ಸಣ್ಣ ಫೋನು, ಮುಖ ಕಾಣುವುದಿಲ್ಲ.

"ನೋವು ಹೆಂಗೈತೋ?"

"ಹಲ್ಲಿನ ಜಾಗದಾಗ ಅಷ್ಟಿಲ್ಲ. ಕಿವ್ಯಾಗ ಐತಿ."

"ಹಲ್ಲ ಕಿತ್ತರ ಕಿವಿ ಯಾಕ ನೋಯ್ತೈತಿ?"

"ಪಕ್ಕದ ಮನಿ ಅಲ್ಲೇನು, ಸುದ್ದಿ ಹೋಗಿರ್ತೈತಿ. ಬಾಯಿ ಒಂಚೂರು ನಾತ ಹೊಡೀತೈತಿ. ಇಲ್ಲಿ ಯಾರೂ ಮಾತಾಡ್ಸಾಕ ಬರವಲ್ರು, ಆರಾಮ ಅದೀನಿ."

"ಬಾವು?"

"ಬಾವು ಇಳಿಯಾಕ ಹತ್ತೈತಿ."

ಮರುದಿನ ಬೆಳಿಗ್ಗೆ ದವಾಖಾನೆ ಬಾಗಿಲು ತೆಗೆದ ಕೂಡಲೇ ಡಾಕ್ಟರಿಗೆ ಹೇಳಿದೆ. ಕಿವಿ ನೋಯುತ್ತದಂತೆ ಎಂದೆ. ಬಾಯಿ ವಾಸನೆ ಬರುತ್ತದಂತೆ ಎಂದೆ. ಅವರು ಕೈತೊಳೆಯುವುದನ್ನು ನಿಲ್ಲಿಸಿದರು.

"ಆ ಕುಳಿ ಬರಿದಾಗಿರಬೇಕು. ತೊಳೆದು ಔಷಧ ಇಟ್ರ ಅವತ್ತೇ ಹಗುರಾಗ್ತದ. ಬಾವು ಹೆಂಗದಂತ?"

"ಇಳಿದೈತಂತ್ರಿ."

"ಇಳಿದದ? ಹಂಗಾದ್ರ ಅಂಜೋದೇನಿಲ್ಲ. ಶುಕ್ರವಾರ ಊರಿಗೆ ಬರ್ತಾರಲ್ಲ, ಅವಾಗ ಕರ್ಕೊಂಡು ಬರ್ರಿ."

ನಾನು ಅದನ್ನೇ ನೂರಜಹಾನಳಿಗೆ ಫೋನಿನಲ್ಲಿ ಹೇಳಿದೆ. ಅವಳಿಗೂ ಅವನು ಬಾವು ಇಳಿದಿದೆ ಎಂದೇ ಹೇಳಿದ್ದ.

"ಇಳಿದೈತಂತ ಅಕ್ಕಾರ. ಧ್ವನಿ ಮಾತ್ರ ಬಾಯಾಗ ಬಿಸಿ ಗೆಣಸು ಇಟ್ಕಂಡು ಮಾತಾಡಿದಂಗ ಐತಿ."

"ಔಷಧ ಹಚ್ಕಂಡಿರಬೇಕು."

"ನಾನೂ ಹಂಗ ಅಂದ್ಕಂಡೆ. ಆಫ್ರೀನ, ಅಪ್ಪ ಯಾವಾಗ ನೆಟ್ಟಗ ಮಾತಾಡ್ಯಾನ ಬಿಡು ಅಂತಾಳ."

ಇಳಿಯುವುದು ಎಂದರೆ ನಮ್ಮ ಮಾತಿನಲ್ಲಿ ಎರಡು. ಜ್ವರ ಇಳಿಯುತ್ತದೆ ಎಂದರೆ ಜ್ವರ ಹೋಗುತ್ತದೆ. ಅಟ್ಟದಿಂದ ಇಳಿಯುತ್ತಾನೆ ಎಂದರೆ ಮೇಲಿದ್ದವನು ಕೆಳಗೆ ಬರುತ್ತಾನೆ. ಡಾಕ್ಟರು ಹೇಳಿದ್ದು ಮೊದಲಿನದು. ಫಕೀರ ತಿಳಿದದ್ದು ಎರಡನೆಯದು. ಅವನು ದಿನಾ ಬೆಳಿಗ್ಗೆ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೆನ್ನೆಯ ಮೇಲಿದ್ದ ಬಾವು ದವಡೆಯ ಎಲುಬಿಗೆ ಬಂತು. ಅಲ್ಲಿಂದ ಗದ್ದದ ಕೆಳಗೆ ಬಂತು. ಅಲ್ಲಿಂದ ಕುತ್ತಿಗೆಗೆ ಬಂತು. ಡಾಕ್ಟರು ಹೇಳಿದ ಹಾಗೆಯೇ ಇಳಿಯುತ್ತಿದೆ ಎಂದು ಸಮಾಧಾನದಿಂದ ಇದ್ದ. ಅವನು ಸುಳ್ಳು ಹೇಳಲಿಲ್ಲ. ಕೇಳಿದವರಿಗೆಲ್ಲ ಬಾವು ಇಳಿದಿದೆ ಎಂದೇ ಹೇಳಿದ. ಕೇಳಿದ ನಾವು ಅದು ಕಡಿಮೆಯಾಗಿದೆ ಎಂದು ತಿಳಿದೆವು. ಹಲ್ಲಿನ ಬಾವು ಕುತ್ತಿಗೆಗೆ ಬಂದರೆ ಉಸಿರಿನ ದಾರಿ ಮುಚ್ಚಿ ಜೀವ ಹೋಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನೂರಜಹಾನಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದ ಡಾಕ್ಟರಿಗೆ ಅದು ಕುತ್ತಿಗೆಗೆ ಬಂದದ್ದು ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಮಿಲ್ಲಿನಲ್ಲಿ ಎರ್ರಣ್ಣ ಎಂಬ ಒಬ್ಬ ರೈತ ಭತ್ತ ತಂದು ಬಹಳ ಹೊತ್ತು ನಿಂತಿದ್ದ. "ಏನಪ್ಪಾ ಫಕೀರಸಾಬ, ಕಾಳ ಕೈಯಾಗ ಹಿಡಕಂಡು ಪೂಜಿ ಮಾಡ್ತೀಯೇನು? ಕಡಿ," ಎಂದು ರೇಗಿದ. ಫಕೀರ ಕಾಳು ತುಟಿಗೆ ಇಟ್ಟ. ಹಲ್ಲು ತೆರೆಯಲಿಲ್ಲ. ಬೆರಳಿನಿಂದ ತುಟಿ ಸರಿಸಿ ತುರುಕಲು ನೋಡಿದ, ಆಗಲೂ ಹೋಗಲಿಲ್ಲ. ಸುಡುವ ಬಿಸಿಲಿನಲ್ಲಿ ಅವನು ಕುತ್ತಿಗೆಗೆ ಟವಲು ಸುತ್ತಿಕೊಂಡಿದ್ದ. ರಘೋತ್ತಮ ಅದನ್ನು ನೋಡಿ ಲೆಕ್ಕದ ಖೋಲಿಯಿಂದ ಎದ್ದು ಬಂದರು.

"ಚಳಿ ಏನಲೇ ನಿನಗ? ನೀರ ಕುಡಿ ಮದಲ," ಎಂದು ಚೊಂಬು ಕೊಟ್ಟರು.

ಕುಡಿದ ನೀರು ಗಂಟಲಿಗೆ ಹೋಗಲಿಲ್ಲ. ಬಾಯಿಯ ಎರಡೂ ಕಡೆಯಿಂದ ಹೊರಗೆ ಬಂತು. ರಘೋತ್ತಮ ಟವಲು ಎಳೆದರು. ಗದ್ದ ಎಲ್ಲಿ ಮುಗಿದು ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಹಲಗೆಯಂತೆ ಬಿರುಸಾಗಿತ್ತು. ಮೈ ಕಾದಿತ್ತು.

"ಏನಿದು?"

"ಇಳಿದೈತ್ರಿ," ಎಂದ ಹಲ್ಲಿನ ಸಂದಿಯಿಂದ. "ಕೆನ್ನಿ ಖಾಲಿ ಆತು ನೋಡ್ರಿ. ಇನ್ನ ಎದಿಗೆ ಬರ್ತೈತಿ, ಹೊಟ್ಟಿಗೆ ಬರ್ತೈತಿ, ಕಾಲಾಗಿಂದ ಬಿಟ್ಟು ಹೋಗ್ತೈತಿ."

"ಯಾರು ಹೇಳಿದ್ರು ನಿನಗ?"

"ಡಾಕ್ಟರಮ್ಮ. ಇಳೀಲಿಲ್ಲಂದ್ರ ಬಾ ಅಂದಾರ. ಇಳಿದೈತಲ್ಲ."

ರಘೋತ್ತಮ ನನಗೆ ಫೋನು ಮಾಡಿದರು. ನಾನು ದವಾಖಾನೆಯಲ್ಲಿ ಬಕೆಟ್ಟು ತೊಳೆಯುತ್ತಿದ್ದೆ. ಅವರು ಹೇಳಿದ್ದನ್ನು ಕೇಳಿ ಒಳಗೆ ಹೋದೆ. ಡಾಕ್ಟರು ಒಬ್ಬ ಹೆಂಗಸಿನ ಹಲ್ಲು ತುಂಬುತ್ತಿದ್ದರು.

"ನಮ್ಮ ತಮ್ಮನ ಬಾವು ಕುತ್ತಿಗಿಗೆ ಇಳಿದೈತಂತ್ರಿ. ನೀರು ನುಂಗಾಕ ಬರವಲ್ದಂತ್ರಿ."

"ಎಲ್ಲಿಗೆ?"

"ಕುತ್ತಿಗಿಗೆ ಇಳಿದೈತ್ರಿ."

ಅವರು ಕೈಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿದರು. "ಇಳಿಯೂದಂದ್ರ ಕಡಿಮಿ ಆಗೂದಮ್ಮಾ!" ಎಂದರು. ನನ್ನನ್ನು ಒಂದು ಕ್ಷಣ ನೋಡಿದರು. ನನ್ನ ಕೈಯಿಂದ ಫೋನು ತೆಗೆದುಕೊಂಡರು. ಕುರ್ಚಿಯಲ್ಲಿದ್ದ ಹೆಂಗಸು ಬಾಯಿ ತೆರೆದುಕೊಂಡೇ ನಮ್ಮಿಬ್ಬರನ್ನು ನೋಡುತ್ತಿದ್ದಳು.

ಡಾಕ್ಟರು ರಘೋತ್ತಮರನ್ನು ಒಂದೊಂದಾಗಿ ಕೇಳಿದರು. ಹಲ್ಲಿನ ನಡುವೆ ಎರಡು ಬೆರಳು ಹೋಗುತ್ತವೆಯೇ? ಒಂದೂ ಹೋಗುವುದಿಲ್ಲ. ಜೊಲ್ಲು ಸುರಿಯುತ್ತಿದೆಯೇ? ಸುರಿಯುತ್ತಿದೆ. ಉಸಿರಿಗೆ ಸಪ್ಪಳ ಬರುತ್ತಿದೆಯೇ? ಸ್ವಲ್ಪ ಬರುತ್ತಿದೆ. ಆಮೇಲೆ ಹೇಳಿದರು, "ಮಲಗಿಸಬ್ಯಾಡ್ರಿ. ಕೂಡಿಸಿಕೊಂಡೇ ಬರ್ರಿ. ಕುಡಿಯಾಕ ತಿನ್ನಾಕ ಏನೂ ಕೊಡಬ್ಯಾಡ್ರಿ. ನನ್ನ ಹತ್ರ ಅಲ್ಲ, ಸೀದಾ ದೊಡ್ಡ ಆಸ್ಪತ್ರಿಗೆ. ದಾರ್ಯಾಗ ಎಲ್ಲೂ ನಿಲ್ಲಬ್ಯಾಡ್ರಿ. ನಾನು ಅಲ್ಲಿಗೆ ಹೇಳಿ ಇಟ್ಟಿರ್ತೀನಿ."

ಮಿಲ್ಲಿನ ಸಾವ್ಕಾರರ ಕಾರಿನಲ್ಲಿ ಕೂರಿಸಿಕೊಂಡು ರಘೋತ್ತಮ ಬಂದರು. ತೆಕ್ಕಲಕೋಟೆ ದಾಟುವವರೆಗೆ ಫಕೀರ ಕೈಸನ್ನೆಯಲ್ಲಿ ಏನೇನೋ ಹೇಳುತ್ತಿದ್ದನಂತೆ. ಆಮೇಲೆ ಸುಮ್ಮನಾದ. ಮುಂದಕ್ಕೆ ಬಾಗಿ, ಮುಂದಿನ ಸೀಟು ಹಿಡಿದುಕೊಂಡು, ಒಂದೊಂದು ಉಸಿರನ್ನೂ ಬಾವಿಯಿಂದ ಕೊಡ ಎಳೆದಂತೆ ಎಳೆಯುತ್ತಿದ್ದನಂತೆ. ರಘೋತ್ತಮ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಬಂದರು. ಕೈ ತೆಗೆದರೆ ಉಸಿರು ನಿಂತದ್ದು ಗೊತ್ತಾಗುವುದಿಲ್ಲ ಎಂದು ಹಾಗೆ ಇಟ್ಟುಕೊಂಡಿದ್ದೆ ಎಂದರು.

ಆಸ್ಪತ್ರೆಯ ಬಾಗಿಲಲ್ಲಿ ನಾನು ಅವನನ್ನು ನೋಡಿದೆ. ಗುರುತು ಸಿಕ್ಕಿದ್ದು ಅಂಗಿಯಿಂದ. ಅವನು ನನ್ನನ್ನು ನೋಡಿ ಹುಬ್ಬು ಹಾರಿಸಿದ. ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಒಳಗೆ ಒಯ್ದರು. ಬಾಯಿಯಿಂದ ನಳಿಗೆ ಹೋಗುವುದಿಲ್ಲ, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡಬೇಕು, ಕೀವು ತೆಗೆಯಬೇಕು, ಉಳಿಯುತ್ತಾರೆ ಎಂದು ಈಗ ಹೇಳಲಾಗುವುದಿಲ್ಲ ಎಂದು ಒಬ್ಬ ಡಾಕ್ಟರು ಬಂದು ಹೇಳಿ ಹೆಬ್ಬೆಟ್ಟೋ ಸಹಿಯೋ ಎಂದು ಕೇಳಿದರು. ಸಹಿ ಎಂದೆ. ಮಾಡಿದೆ. ನನಗೆ ಏನೂ ಅನ್ನಿಸಲಿಲ್ಲ. ನೆಲ ಒರೆಸಿದವರು ಮೂಲೆ ಬಿಟ್ಟಿದ್ದಾರೆ ಎಂದು ಕಂಡಿತು. ಅದನ್ನೇ ನೋಡುತ್ತ ಕೂತೆ.

ನೂರಜಹಾನ ಕುರುಗೋಡಿನಿಂದ ಬಸ್ಸಿಗೆ ಬಂದಳು. ಸೂಜಿ ಇನ್ನೂ ಸೆರಗಿಗೆ ಚುಚ್ಚಿಕೊಂಡೇ ಇತ್ತು. ನನ್ನ ಪಕ್ಕದಲ್ಲಿ ಕೂತಳು.

"ಇಳಿದೈತಿ ಅಂದಿದ್ರಲ್ಲ ಅಕ್ಕಾರ."

"ಹೂಂ. ಇಳಿದಿತ್ತು."

ಅವಳು ಅಳಲಿಲ್ಲ. ಸೂಜಿ ತೆಗೆದು ಎಲ್ಲಿ ಇಡಬೇಕೆಂದು ಗೊತ್ತಾಗದೆ ಮತ್ತೆ ಸೆರಗಿಗೇ ಚುಚ್ಚಿಕೊಂಡಳು.

ಸಂಜೆ ಶ್ರೀಕೃತಿ ಡಾಕ್ಟರು ಬಂದರು. ಒಳಗೆ ಹೋಗಿ ನೋಡಿ ಬಂದು ನಮ್ಮ ಬೆಂಚಿನ ಮೇಲೆಯೇ ಕೂತರು. ಕೀವು ಬಹಳ ಹೋಗಿದೆ, ಉಸಿರು ನಳಿಗೆಯಲ್ಲಿ ಆಡುತ್ತಿದೆ, ಇನ್ನೂ ಎಚ್ಚರವಿಲ್ಲ ಎಂದರು. ನೂರಜಹಾನ ಅವರನ್ನು ಕೇಳಿದಳು, "ನಾವು ಯಾವಾಗ ಬರಬೇಕಿತ್ರಿ?"

ಡಾಕ್ಟರು ತಮ್ಮ ಕೈಯನ್ನೇ ನೋಡಿಕೊಂಡು ಹೇಳಿದರು. "ಹಲ್ಲ ತೆಗೆದ ಮ್ಯಾಲ ಎರಡ್ಮೂರು ದಿನ ನೋವಿರ್ತದಮ್ಮಾ. ದಿನಾ ಒಂಚೂರು ಕಡಿಮಿ ಆಗ್ಬೇಕು. ಕಡಿಮಿ ಆಗಿದ್ದು ಮತ್ತ ಜಾಸ್ತಿ ಆತು ಅಂದ್ರ, ಕಿವಿಗೆ ಹತ್ತಿತು ಅಂದ್ರ, ಬಾಯಿ ನಾತ ಬಂತು ಅಂದ್ರ, ಅವತ್ತೇ ಬರಬೇಕು. ಅದು ಬಹಳ ಸಲ ಬರೇ ಕುಳಿ ನೋವು ಅಷ್ಟ ಇರ್ತದ. ಜೀವಕ್ಕೇನಾಗೂದಿಲ್ಲ, ತೊಳೆದು ಔಷಧ ಇಟ್ರ ಹೋಗ್ತದ."

"ಜೀವಕ್ಕಾಗೂದು ಯಾವುದ್ರಿ?"

"ಜ್ವರ ಬಂದ್ರ. ಬಾಯಿ ತೆರಿಯಾಕ ಬರದಿದ್ರ. ಬಾವು ದವಡಿ ಎಲುಬು ದಾಟಿ ಕೆಳಗ ಬಂದ್ರ. ಧ್ವನಿ ಬದಲಾದ್ರ. ಎಂಜಲು ನುಂಗಾಕ ಬರದಿದ್ರ, ಉಸಿರು ಬಿಗಿದ್ರ. ಅವಾಗ ನಾಳೆ ಅನ್ನಬಾರದು, ನನ್ನ ಬಾಗಿಲಿಗೂ ಬರಬಾರದು, ಸೀದಾ ಇಲ್ಲಿಗೆ ಬರಬೇಕು."

"ಧ್ವನಿ ಬದಲಾಗಿತ್ರಿ," ಎಂದಳು ನೂರಜಹಾನ. "ಬಿಸಿ ಗೆಣಸು ಇಟ್ಕಂಡಂಗ ಇತ್ತು. ನಾನು ನಕ್ಕಿದ್ದೆ."

ಡಾಕ್ಟರು ಅವಳ ಮೊಣಕಾಲಿನ ಮೇಲೆ ಕೈ ಇಟ್ಟು ಎದ್ದು ಹೋದರು.

ಮರುದಿನ ನಾನು ಕೆಲಸಕ್ಕೆ ಹೋದೆ. ಆಸ್ಪತ್ರೆಯಲ್ಲಿ ಒಬ್ಬರಿಗೇ ಇರಲು ಬಿಡುತ್ತಿದ್ದರು, ನೂರಜಹಾನ ಇದ್ದಳು. ದವಾಖಾನೆಯಲ್ಲಿ ಪಂಪಣ್ಣ ಎಂಬ ಮುದುಕರಿಗೆ ಹಲ್ಲು ಕಿತ್ತು ಕಳಿಸುತ್ತಿದ್ದರು. ಡಾಕ್ಟರು ಎಂದಿನ ಮಾತುಗಳನ್ನೆಲ್ಲ ಹೇಳಿ ಕೊನೆಗೆ ನಿಂತರು. ಇಳೀತದ ಎಂದು ಬಾಯಿಗೆ ಬಂದದ್ದು ನನಗೆ ಗೊತ್ತಾಯಿತು. "ಬಾವು ಸಣ್ಣದಾಗ್ತದ," ಎಂದರು. ಮುದುಕರ ದವಡೆಯ ಎಲುಬಿನ ಮೇಲೆ ಬೆರಳು ಎಳೆದು ತೋರಿಸಿದರು. "ಈ ಗೆರಿ ದಾಟಬಾರದು. ಸಣ್ಣದಾದ್ರೂ, ದೊಡ್ಡದಾದ್ರೂ, ಇದರ ಕೆಳಗ ಬರಬಾರದು."

"ಗೆರಿ ದಾಟಿದ್ರ ಏನಾಗ್ತೈತ್ರಿ?" ಎಂದು ಮುದುಕರು ಕೇಳಿದರು.

ಡಾಕ್ಟರು ನನ್ನ ಕಡೆ ನೋಡಲಿಲ್ಲ. "ಸಾಯಬಹುದು ರೀ," ಎಂದರು. ನಾನು ಆ ಕೋಣೆಯ ನೆಲ ಒರೆಸಿ ಮುಂದಿನ ಕೋಣೆಗೆ ಹೋದೆ.

ಫಕೀರನಿಗೆ ಎಚ್ಚರ ಬಂತು. ಆದರೆ ಜ್ವರ ಇನ್ನೂ ಬಿಡಲಿಲ್ಲ. ಮತ್ತೊಮ್ಮೆ ಒಳಗೆ ಒಯ್ದು ಕುತ್ತಿಗೆ ತೊಳೆದರು. ಅವನು ಹಾಸಿಗೆಯಲ್ಲಿ ಒರಗಿ ಕೂತಿರುತ್ತಿದ್ದ. ಕುತ್ತಿಗೆಯ ನಳಿಗೆಯಿಂದ ಉಸಿರು ಹೋಗುತ್ತಿದ್ದರಿಂದ ಮಾತು ಬರುತ್ತಿರಲಿಲ್ಲ. ಮಾತಿಲ್ಲದ ಫಕೀರನನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಎದುರಿಗೆ ಕೂತರೆ ಏನು ಮಾತಾಡಬೇಕೆಂದು ನನಗೂ ತಿಳಿಯುತ್ತಿರಲಿಲ್ಲ. ಕಾಲು ಒತ್ತುತ್ತಿದ್ದೆ. ಮೂಗಿನಲ್ಲಿ ಹಾಕಿದ ಸಣ್ಣ ಕೊಳವೆಯಿಂದ ಹಾಲು, ಗಂಜಿ ನೀರು ಹೊಟ್ಟೆಗೆ ಬಿಡುತ್ತಿದ್ದರು. ರಘೋತ್ತಮ ರವಿವಾರ ಬಂದರು. ಇವನ ಮುಂದೆ ಕೂತು ಮಿಲ್ಲಿನ ಸುದ್ದಿ ಹೇಳಿದರು.

"ನೀ ಇಲ್ಲದಕ್ಕ ನನ್ನ ಕಡೆ ಕಡಿಸಾಕ ಹತ್ಯಾರಲೇ. ನನಗ ಎಲ್ಲಾ ಕಾಳೂ ಕಟಕ್ ಅಂತಾವ."

ಫಕೀರ ಅವರ ಬಾಯಿ ತೋರಿಸಿ, ತನ್ನ ತಲೆ ತೋರಿಸಿ, ಬುದ್ಧಿ ಹಲ್ಲು ಇನ್ನೂ ಇದೆಯಲ್ಲ ನಿಮಗೆ ಎಂಬಂತೆ ಕೈ ಆಡಿಸಿದ. ರಘೋತ್ತಮ ನಕ್ಕರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತರು.

ಅವನ ಎಡಗಡೆ ಕೆಳತುಟಿ ಮತ್ತು ಗದ್ದಕ್ಕೆ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಸೂಜಿ ಹಾಕಿದಾಗ ಹಿಡಿದ ಜೋಮು ಅವತ್ತೇ ಬಿಟ್ಟಿತ್ತು, ಇದು ಬೇರೆ. ಒಳಗಿನ ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ಪೂರ್ತಿ ಬರದೆಯೂ ಹೋಗಬಹುದು ಎಂದರು. ಅದಕ್ಕಿಂತ ಮೊದಲು ನುಂಗಲು ಬರಬೇಕು. ನುಂಗಲು ಬಂದರೆ ನಳಿಗೆ ತೆಗೆದು ಕುತ್ತಿಗೆ ಮುಚ್ಚುತ್ತಾರೆ. ಬರದಿದ್ದರೆ ತಿಂದದ್ದು ಉಸಿರಿನ ದಾರಿಗೆ ಹೋಗಿ ಮತ್ತೆ ಕೀವಾಗುತ್ತದೆ, ಈ ಮೈ ಅದನ್ನು ತಡೆಯುವುದಿಲ್ಲ ಎಂದು ನಮಗೆ ಬಿಡಿಸಿ ಹೇಳಿದರು.

ಅದನ್ನು ನೋಡಲು ಒಂದು ಬೆಳಿಗ್ಗೆ ಚಿಕ್ಕ ವಯಸ್ಸಿನ ಡಾಕ್ಟರು ಒಂದು ಬಟ್ಟಲಿನಲ್ಲಿ ನೀಲಿ ಬಣ್ಣ ಹಾಕಿದ ನೀರು ತಂದರು. ಆ ಹೊತ್ತು ನಾನೂ ಒಳಗಿದ್ದೆ. "ನುಂಗಿದ ಮ್ಯಾಲೆ ಕುತ್ತಿಗಿ ನಳಿಗ್ಯಾಗ ನೀಲಿ ಕಂಡ್ರೆ ದಾರಿ ತಪ್ಪೈತಿ ಅಂತ ಅರ್ಥ," ಎಂದರು. ಚಮಚವನ್ನು ನೂರಜಹಾನಳ ಕೈಗೆ ಕೊಟ್ಟರು.

ಅವಳು ಬಿಸ್ಮಿಲ್ಲಾ ಎಂದು ಚಮಚ ಅವನ ಬಾಯಿಗೆ ಇಟ್ಟಳು. ಎಡಗಡೆ ತುಟಿಯಿಂದ ನೀಲಿ ನೀರು ಗದ್ದಕ್ಕೆ ಹರಿಯಿತು. ಅವನಿಗೆ ಅದು ಗೊತ್ತಾಗಲಿಲ್ಲ. ಅವಳು ಸೆರಗಿನಿಂದ ಒರೆಸಿದಾಗ ಯಾಕೆ ಒರೆಸುತ್ತೀ ಎಂಬಂತೆ ಅವಳನ್ನು ನೋಡಿದ.

"ಬಲಕ್ಕ ಹಿಡೀರಿ," ಎಂದರು ಡಾಕ್ಟರು.

ಅವಳು ಎರಡನೇ ಚಮಚ ಬಲಗಡೆ ಇಟ್ಟಳು. ಅವನು ಬಾಯಿ ಮುಚ್ಚಿದ. ಬಹಳ ಹೊತ್ತು ನೀರು ಬಾಯಲ್ಲೇ ಇತ್ತು. ಅವನು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದ. ಗಂಟಲಿನ ಗಂಟು ಮೇಲೆ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಬಂತು. ಕೆಮ್ಮಲಿಲ್ಲ.

ನಾವೆಲ್ಲರೂ ನಳಿಗೆಯ ಬಾಯಿ ನೋಡುತ್ತ ನಿಂತೆವು. ಡಾಕ್ಟರು ಸಣ್ಣ ಕೊಳವೆ ಹಾಕಿ ಒಳಗಿನ ಕಫ ಎಳೆದು ಬೆಳಕಿಗೆ ಹಿಡಿದರು. ಬೆಳ್ಳಗಿತ್ತು. ಇನ್ನೊಂದು ಚಮಚ ಕೊಡಲು ಹೇಳಿದರು, ಅದೂ ಹೋಯಿತು. ಮತ್ತೆ ಎಳೆದು ನೋಡಿದರು. ಬೆಳ್ಳಗಿತ್ತು.

"ತೆಳ್ಳನ ಗಂಜಿ ತರ್ರಿ. ಬಲಗಡೆಯಿಂದ ಕೊಡ್ರಿ," ಎಂದರು.

ನೂರಜಹಾನ ಕೆಳಗೆ ಕೂತುಬಿಟ್ಟಳು. ನನಗೆ ಸಂತೋಷ ಆಯಿತೋ ಇಲ್ಲವೋ ಹೇಳಲು ಬರುವುದಿಲ್ಲ. ಗಂಜಿಯ ಡಬ್ಬಿ ತರಲು ಪಾರ್ವತಿನಗರಕ್ಕೆ ಹೋಗುವ ಆಟೋ ಹಿಡಿದೆ.